ಕಂತುಗಳಲ್ಲಿ ಹಾಡು-ನಾಟಕ: ನಿಮ್ಮ ಪ್ರಶ್ನೆ, ದಾವಣಗೆರೆಯಿಂದ ಉತ್ತರ

ಹಾಡು, ಮಾತು ಎರಡೂ ಇರುವ ನಾಟಕವನ್ನು ಕಂತು ಕಂತಾಗಿ ರೆಕಾರ್ಡ್ ಮಾಡಿ, ಮೊಬೈಲಲ್ಲಿ ಕೇಳುವ ಹಾಗೆ ಬಿಡಬೇಕು ಅನ್ನುವವರು ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಕಾಗದಗಳು ಬಂದಿವೆ. ಹೆಚ್ಚಿನವು ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಯವು. ನಾಟಕದ ಹುಚ್ಚು ಇರೋ ಸೀಮೆ ಇದು, ಆಶ್ಚರ್ಯ ಏನಿಲ್ಲ. ಉದ್ದ ಇದ್ದ ಪ್ರಶ್ನೆಗಳನ್ನು ಮೊಟಕು ಮಾಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಮೇಷ್ಟ್ರೇ, ಹತ್ತು ಕಂತಿನ ನಾಟಕ ಮಾಡುತ್ತಿದ್ದೇವೆ. ಆರು ಕಂತು ಬರೆದಾಗಿದೆ, ಮೂರು ರೆಕಾರ್ಡ್ ಆಗಿದೆ. ಹುಡುಗರು ಈ ಹಬ್ಬಕ್ಕೇ ಶುರು ಮಾಡೋಣ, ಒಂದು ಸಲ ಬಿಟ್ಟರೆ ಹುರುಪು ತಾನಾಗೇ ಬರುತ್ತೆ ಅಂತಾರೆ. ಬಿಡಬಹುದಾ? (ಹರಿಹರ)

ಬೇಡ. ಹತ್ತನೇ ಕಂತಿನ ಕೊನೇ ಹಾಡು ಕೈಯಲ್ಲಿ ಇಲ್ಲದೆ ಮೊದಲ ಕಂತು ಬಿಡಬೇಡಿ. ಈ ಸಲದ ಅರ್ಧ ಪ್ರಶ್ನೆಗಳಿಗೆ ಇದೇ ಉತ್ತರ, ಅದಕ್ಕೇ ನಿಮ್ಮದನ್ನು ಮೊದಲು ಹಾಕಿದ್ದೇನೆ.

ಪತ್ರಿಕೆಗೆ ಧಾರಾವಾಹಿ ಬರೆಯುವವರು ವಾರ ವಾರ ಬರೆದು ಕೊಡುತ್ತಿದ್ದರಲ್ಲ ಅಂತ ನೀವು ಕೇಳಬಹುದು. ಅವರು ಒಬ್ಬರೇ, ಪೆನ್ನು ಒಂದೇ. ನಿಮ್ಮದು ಹಾಗಲ್ಲ. ಏಳನೇ ಕಂತಿನ ಹೊತ್ತಿಗೆ ನಾಯಕನ ಪಾತ್ರದವನಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತದೆ, ತಬಲಾದವರಿಗೆ ಮದುವೆ ಸೀಸನ್ ಶುರುವಾಗುತ್ತದೆ, ಹಾಡುವ ಹುಡುಗಿಗೆ ಪರೀಕ್ಷೆ ಬರುತ್ತದೆ, ಅಷ್ಟರಲ್ಲಿ ಕೇಳುಗರು ಮುಂದಿನ ಕಂತು ಎಲ್ಲಿ ಅಂತ ಕೇಳೋದನ್ನೂ ನಿಲ್ಲಿಸಿರುತ್ತಾರೆ. ಹುರುಪು ಬರೋದು ನಿಜ. ಆದರೆ ಆ ಹುರುಪು ಬಿಡುವ ಕೆಲಸಕ್ಕೆ ಬರುತ್ತದೆ, ಮಾಡುವ ಕೆಲಸಕ್ಕೆ ಬರೋದು ಕಡಿಮೆ.

ಇನ್ನೊಂದು ಕಾರಣ ಸಂಗೀತದ್ದು, ಇದು ಜಾಸ್ತಿ ಮುಖ್ಯ. ಕಂತಿನ ಹಾಡು-ನಾಟಕದಲ್ಲಿ ಕೇಳುಗನನ್ನು ಹಿಡಿದಿಡೋದು ಮರಳಿ ಬರುವ ಧಾಟಿ. ಕೊನೆಯಲ್ಲಿ ತಾಯಿ ಹಾಡುವ ಧಾಟಿಯ ಒಂದು ತುಣುಕು ಮೊದಲ ಕಂತಿನಲ್ಲಿ ಯಾರೋ ಸುಮ್ನೆ ಗುನುಗಿಕೊಂಡು ಹೋಗಿರಬೇಕು. ಆರನೇ ಕಂತಿನಲ್ಲಿ ಅದು ಹಾರ್ಮೋನಿಯಂನಲ್ಲಿ ಮಾತ್ರ ಬರಬೇಕು, ಮಾತು ಬೇಡ. ಹತ್ತರಲ್ಲಿ ಪೂರ್ತಿ ಹಾಡಾದಾಗ ಕೇಳುಗ ಎದ್ದು ಕೂರುತ್ತಾನೆ. ಕೊನೆಯ ಹಾಡು ಇನ್ನೂ ಹುಟ್ಟೇ ಇಲ್ಲ ಅಂದರೆ ಮೊದಲ ಕಂತಿನಲ್ಲಿ ಏನನ್ನು ಗುನುಗಿಸುತ್ತೀರಿ?

ಪೂರ್ತಿ ಮಿಕ್ಸಿಂಗ್ ಮುಗಿದಿರಬೇಕು ಅಂತ ನಾನು ಹೇಳುತ್ತಿಲ್ಲ. ಹತ್ತೂ ಕಂತಿನ ಬರವಣಿಗೆ ಆಗಿರಲಿ. ಎಲ್ಲಾ ಹಾಡಿನ ಕಚ್ಚಾ ರೆಕಾರ್ಡಿಂಗ್ ಆಗಿರಲಿ, ಶ್ರುತಿಪೆಟ್ಟಿಗೆ ಇಟ್ಟುಕೊಂಡು ಮೊಬೈಲಲ್ಲಿ ಹಾಡಿದ್ದಾದರೂ ಸರಿ. ಮಾತಿನ ಭಾಗ ಎಲ್ಲರದೂ ಮುಗಿದಿರಲಿ. ಎಡಿಟಿಂಗ್, ಮಿಕ್ಸಿಂಗ್ ಬೇಕಾದರೆ ವಾರ ವಾರ ಮಾಡಿಕೊಳ್ಳಿ, ಅದು ಒಬ್ಬರು ಕೂತು ಮಾಡುವ ಕೆಲಸ. ಹಬ್ಬ ಮುಂದಿನ ವರ್ಷವೂ ಬರುತ್ತದೆ.

ಸರ್, ಒಂದು ಕಂತಿಗೆ ಎಷ್ಟು ಹಾಡು ಇರಬೇಕು? ನಮ್ಮ ಹಾರ್ಮೋನಿಯಂ ಮಾಸ್ತರರು ಐದಾದರೂ ಬೇಕು ಅಂತಾರೆ, ಕಂಪನಿ ನಾಟಕದಲ್ಲಿ ಹಾಡಿಲ್ಲದೆ ಜನ ಕೂರುತ್ತಿರಲಿಲ್ಲವಂತೆ. ನಮ್ಮ ಕಂತು ಹದಿನೈದು ನಿಮಿಷದ್ದು. (ದಾವಣಗೆರೆ, ಕಾಲೇಜು ವಿದ್ಯಾರ್ಥಿನಿ)

ಮಾಸ್ತರರು ಹೇಳೋದು ಸುಳ್ಳಲ್ಲ ತಂಗಿ. ಹಳೇ ಕಂಪನಿ ನಾಟಕದಲ್ಲಿ ಹಾಡು ಡಜನ್‌ಗಟ್ಟಲೆ ಇರುತ್ತಿದ್ದವು. ಜನ ಒನ್ಸ್ ಮೋರ್ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯಬೇಕು ಅಂತ ತಮಾಷೆ ಮಾಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಈಗಲೂ ಕುರುಕ್ಷೇತ್ರ ಆಡುವಾಗ ಕಂದಪದ್ಯ ಚೆನ್ನಾಗಿ ಎಳೆದವನಿಗೇ ನೋಟಿನ ಹಾರ. ಆದರೆ ಅದು ರಾತ್ರಿಯೆಲ್ಲ ನಡೆಯುವ ಆಟ. ಎದುರಿಗೆ ಪಾತ್ರಧಾರಿ ಇದ್ದಾನೆ, ಅವನ ಮೈಮೇಲೆ ಕಿರೀಟ ಇದೆ, ಹಿಂದೆ ಸೀನರಿ ಇದೆ. ಕಥೆ ಸ್ವಲ್ಪ ಹೊತ್ತು ನಿಂತರೂ ನೋಡಲಿಕ್ಕೆ ಏನೋ ಒಂದಿರುತ್ತದೆ. ನಿಮ್ಮ ಕೇಳುಗನ ಕಿವಿಯಲ್ಲಿ ಇಯರ್‌ಫೋನ್ ಬಿಟ್ಟರೆ ಬೇರೇನಿಲ್ಲ. ಕಥೆ ನಿಂತ ತಕ್ಷಣ ಬೆರಳು ಮುಂದಕ್ಕೆ ತಳ್ಳುತ್ತದೆ.

ಹದಿನೈದು ನಿಮಿಷಕ್ಕೆ ಎರಡು ಹಾಡು ಸಾಕು. ಒಂದು ಪೂರ್ತಿ, ಅಂದರೆ ಎರಡೂವರೆ ಮೂರು ನಿಮಿಷ. ಇನ್ನೊಂದು ಒಂದು ನಿಮಿಷದ ತುಣುಕು. ಎಷ್ಟು ಅನ್ನೋದಕ್ಕಿಂತ ಹಾಡು ಏನು ಮಾಡುತ್ತದೆ ಅನ್ನೋದನ್ನು ನೋಡಿ. ಹಾಡು ಶುರುವಾಗುವ ಮುಂಚೆ ಪಾತ್ರ ಎಲ್ಲಿತ್ತೋ ಮುಗಿದ ಮೇಲೂ ಅಲ್ಲೇ ಇದ್ದರೆ ಆ ಹಾಡನ್ನು ಕಿತ್ತುಹಾಕಿ. ಎಷ್ಟು ಚೆಂದ ಇದ್ದರೂ.

ನೀವು ಕಾಗದದ ಜೊತೆ ಒಂದು ಹಾಡು ಕಳಿಸಿದ್ದೀರಿ. ಹೂ ಕಟ್ಟುವ ಹುಡುಗಿ ಊರು ಬಿಡಬೇಕೋ ಬೇಡವೋ ಅಂತ ಕೊರಗುವ ಸಂದರ್ಭ. ಹಾಡಿನ ತುಂಬ ಕಣ್ಣೀರು, ಕತ್ತಲು, ವಿಧಿ. ಅವಳು ಏನೂ ಮಾಡುವುದೇ ಇಲ್ಲ. ಅದನ್ನೇ ಹೀಗೆ ಬರೆದರೆ ಹೇಗಿರುತ್ತೆ ನೋಡಿ:

ಚೀಟಿ ಬರೆದೆ, ಹರಿದು ಹಾಕಿದೆ,
ಮತ್ತೆ ಬರೆದು ಮಡಿಲಲ್ಲಿಟ್ಟೆ.
ಎಂಟರ ಬಸ್ಸಿಗೆ ಕೈಯ ಮಾಡಿದೆ,
ನಿಂತಿತು ಬಸ್ಸು, ಹಿಂದೆ ಬಂದೆ.

ದೊಡ್ಡ ಕಾವ್ಯ ಏನಲ್ಲ ಇದು. ಆದರೆ ನಾಲ್ಕು ಸಾಲಲ್ಲಿ ಅವಳು ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದಳು, ಮಡಿಲಲ್ಲಿ ಒಂದು ಚೀಟಿ ಉಳಿಯಿತು. ಮುಂದಿನ ಕಂತಿನಲ್ಲಿ ಆ ಚೀಟಿ ಯಾರದೋ ಕೈಗೆ ಸಿಕ್ಕೇ ಸಿಗುತ್ತದೆ. ಹಾಡು ಕಥೆಯನ್ನು ಹೊರೋದು ಅಂದರೆ ಇಷ್ಟೇ. ಮಾಸ್ತರರಿಗೆ ಬೇಜಾರಾಗದ ಹಾಗೆ ಹೇಳಿ, ಉಳಿದ ಮೂರು ಧಾಟಿಗಳನ್ನು ಹಿನ್ನೆಲೆಗೆ ಬಳಸಿಕೊಳ್ಳಿ.

ದುರ್ಗದ ಇತಿಹಾಸದ ಮೇಲೆ ಎಂಟು ಕಂತು ಮಾಡುವ ಆಸೆ. ಮದಕರಿ ನಾಯಕರು, ಓಬವ್ವ ಎಲ್ಲಾ ಬರಬೇಕು. ತರಾಸು ಅವರ ದುರ್ಗಾಸ್ತಮಾನದಿಂದ ಸಂಭಾಷಣೆ ತಗೊಳ್ಳಬಹುದಾ? ನಾಗರಹಾವು ಸಿನಿಮಾದ ಓಬವ್ವನ ಹಾಡಿನ ಧಾಟಿಗೆ ನಮ್ಮ ಸಾಹಿತ್ಯ ಹಾಕಿದರೆ ತೊಂದರೆ ಇದೆಯಾ? ಕೋಟೆಯಲ್ಲೇ ರೆಕಾರ್ಡ್ ಮಾಡಬೇಕು ಅಂತಿದ್ದೇವೆ. (ಚಿತ್ರದುರ್ಗ)

ಮೂರು ಪ್ರಶ್ನೆ ಒಂದೇ ಕಾಗದದಲ್ಲಿ. ಒಂದೊಂದಾಗಿ ನೋಡೋಣ.

ಇತಿಹಾಸ ಯಾರ ಸ್ವತ್ತೂ ಅಲ್ಲ. 1779ರಲ್ಲಿ ಹೈದರಾಲಿ ದುರ್ಗ ಹಿಡಿದದ್ದು, ಮದಕರಿ ನಾಯಕರು ಸೆರೆಯಾದದ್ದು, ಕಿಂಡಿಯ ಹತ್ತಿರ ಓಬವ್ವ ಒನಕೆ ಹಿಡಿದು ನಿಂತ ಕಥೆ, ಇವನ್ನು ಯಾರು ಬೇಕಾದರೂ ನಾಟಕ ಮಾಡಬಹುದು. ಆದರೆ ಕಾದಂಬರಿಕಾರ ತಾನು ಕಲ್ಪಿಸಿದ ಮಾತು, ಸನ್ನಿವೇಶ, ಪಾತ್ರದ ಸ್ವಭಾವ, ಇವು ಅವರದ್ದೇ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ವಾರಸುದಾರರ ಹತ್ತಿರ ಇರುತ್ತದೆ. ತರಾಸು ತೀರಿಕೊಂಡದ್ದು 1984ರಲ್ಲಿ. ಅಲ್ಲಿಗೆ 2044ರ ಕೊನೆಯ ತನಕ ಕೇಳದೆ ಮುಟ್ಟುವ ಹಾಗಿಲ್ಲ. ಕೇಳಿ, ಲಿಖಿತ ಒಪ್ಪಿಗೆ ತಗೊಳ್ಳಿ. ಸಿಗದಿದ್ದರೆ ನಿಮ್ಮದೇ ಮಾತು ಬರೆಯಿರಿ. ದುರ್ಗದವರಿಗೆ ಓಬವ್ವನ ಮಾತು ಬರೆಯಲಿಕ್ಕೆ ಇನ್ನೊಬ್ಬರ ಪುಸ್ತಕ ಬೇಕಾ ಅಂತ ನನಗನ್ನಿಸುತ್ತದೆ. ನಿಮ್ಮ ಅಜ್ಜಿ ಮಾತಾಡುವ ಹಾಗೆ ಮಾತಾಡಿಸಿ.

ಸಿನಿಮಾ ಹಾಡಿನ ವಿಷಯ. ನಾಗರಹಾವು ಬಂದದ್ದು 1972ರಲ್ಲಿ. ರೆಕಾರ್ಡಿಂಗಿನ ಹಕ್ಕೇ 2032ರ ಕೊನೆಯ ತನಕ ಇದೆ, ಸಾಹಿತ್ಯ ಮತ್ತು ಧಾಟಿಯ ಹಕ್ಕು ಬೇರೆ, ಅದು ಬರೆದವರ, ರಾಗ ಹಾಕಿದವರ ಆಯಸ್ಸಿನ ಲೆಕ್ಕದಲ್ಲಿ ಇನ್ನೂ ಮುಂದಕ್ಕೆ ಹೋಗುತ್ತದೆ. ಸಾಹಿತ್ಯ ಬದಲಾಯಿಸಿದರೂ ಧಾಟಿ ಅವರದ್ದೇ ಅಲ್ವಾ? ಗಣಪತಿ ಹಬ್ಬದ ಪೆಂಡಾಲಿನಲ್ಲಿ ಹಾಡಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ ಅಂತ ಬರೆದಿದ್ದೀರಿ. ಹವ್ಯಾಸಿ ತಂಡದವರು ಟಿಕೆಟ್ ಇಲ್ಲದೆ ಜನರ ಎದುರು ಪ್ರದರ್ಶನ ಮಾಡುವುದಕ್ಕೆ ಕಾಯ್ದೆಯಲ್ಲೇ ಸಡಿಲಿಕೆ ಇದೆ. ಅದನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಬಿಡುವುದಕ್ಕೆ ಆ ಸಡಿಲಿಕೆ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬಹಳ ತಂಡಗಳು ಸಿಕ್ಕಿಹಾಕಿಕೊಳ್ಳುತ್ತವೆ.

ಇನ್ನು ಕೋಟೆ. ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಕ್ಯಾಮೆರಾ, ಲೈಟು, ತಂಡ ಅಂತ ಹೋದರೆ ಮೊದಲೇ ಅನುಮತಿ ಬೇಕು. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ದುರ್ಗದ ಬೆಟ್ಟದ ಗಾಳಿಯನ್ನು ಏನು ಮಾಡುತ್ತೀರಿ? ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಅಲ್ಲಿ ಹಾಡು, ಮಾತು ರೆಕಾರ್ಡ್ ಮಾಡಬೇಡಿ. ಒಂದು ಬೆಳಗ್ಗೆ ಜನ ಬರುವ ಮುಂಚೆ ಹೋಗಿ, ಮೈಕಿಗೆ ತುಪ್ಪಳದ ಗಾಳಿ ಕವಚ ಹಾಕಿ, ಬಾಗಿಲುಗಳ ಒಳಗೆ ಹೆಜ್ಜೆ ಸಪ್ಪಳ, ಕಿಂಡಿಯ ಹತ್ತಿರದ ನೀರಿನ ಸದ್ದು, ಕೋತಿಗಳ ಗಲಾಟೆ, ಗಾಳಿಯ ಸದ್ದು ಇವಷ್ಟನ್ನು ಹಿಡಿದುಕೊಂಡು ಬನ್ನಿ. ಎಂಟು ಕಂತಿಗೂ ಸಾಕಾಗುತ್ತದೆ.

ವಚನ, ಭಾವಗೀತೆ, ರಂಗಗೀತೆ ಇವನ್ನಾದರೂ ಬಳಸಬಹುದಲ್ವಾ? (ಜಗಳೂರು)

ವಚನದ ಪಠ್ಯ ಬಳಸಿ, ಹನ್ನೆರಡನೇ ಶತಮಾನದ್ದು, ಯಾರೂ ಕೇಳೋದಿಲ್ಲ. ಆದರೆ ಕ್ಯಾಸೆಟ್‌ನಲ್ಲಿ ಕೇಳಿದ ಧಾಟಿ ಈಚಿನವರು ಹಾಕಿದ್ದು, ಅದು ಬೇಡ, ನಿಮ್ಮ ಮಾಸ್ತರರಿಂದ ಹೊಸ ಧಾಟಿ ಹಾಕಿಸಿ. ಭಾವಗೀತೆಗೆ ಮೇಲಿನ ಅರವತ್ತು ವರ್ಷದ ಲೆಕ್ಕ ಹಾಕಿ: ಬೇಂದ್ರೆಯವರು ತೀರಿಕೊಂಡದ್ದು 1981, ಕುವೆಂಪು 1994. ಅಂದರೆ 2041 ಮತ್ತು 2054ರ ಕೊನೆ. ಬಿ.ವಿ. ಕಾರಂತರ ರಂಗಸಂಗೀತವೂ ಹಾಗೇ, ಅವರು ತೀರಿಕೊಂಡದ್ದು 2002. ಜನಪದ ಹಾಡಿಗೆ ಹಕ್ಕುದಾರರಿಲ್ಲ, ಆದರೆ ಯಾರೋ ಮಾಡಿದ ರೆಕಾರ್ಡಿಂಗ್ ಕತ್ತರಿಸಿ ಹಾಕಬೇಡಿ. ನಿಮ್ಮೂರಿನ ಸೋಬಾನೆ ಅಜ್ಜಿಯರ ಹತ್ತಿರ ಹಾಡಿಸಿ, ಅವರಿಗೆ ದುಡ್ಡು ಕೊಡಿ. ಸೀರೆ, ಕುಪ್ಪಸ ಅಲ್ಲ, ದುಡ್ಡು.

ನಮ್ಮ ಹಾರ್ಮೋನಿಯಂ ಜೊತೆ ಕೀಬೋರ್ಡ್ ಸೇರಿಸಿದರೆ ಏನೋ ಒಂಥರಾ ಕಿವಿಗೆ ಕಿರಿಕಿರಿ. ಹಾಡುವವರೂ ಶ್ರುತಿ ಬಿಡ್ತಾರೆ. ಹಾರ್ಮೋನಿಯಂ ಬಿಟ್ಟುಬಿಡೋದಾ? (ಹೊನ್ನಾಳಿ)

ದಯವಿಟ್ಟು ಬಿಡಬೇಡಿ. ಆಕಾಶವಾಣಿಯವರು ಒಮ್ಮೆ ಬಿಟ್ಟಿದ್ದರು. ಈ ಪೆಟ್ಟಿಗೆಯ ಮನೆಗಳು ಗಟ್ಟಿ, ನಮ್ಮ ಗಮಕ ಇದರಲ್ಲಿ ಬರೋದಿಲ್ಲ ಅಂತ 1940ರಲ್ಲಿ ಹೊರಗಿಟ್ಟವರು ಮತ್ತೆ ಒಳಗೆ ಬಿಡಲಿಕ್ಕೆ ಶುರು ಮಾಡಿದ್ದು 1971ರಲ್ಲಿ. ಅಷ್ಟೂ ವರ್ಷ ನಮ್ಮ ನಾಟಕದವರು ಕಾಲು ಹಾರ್ಮೋನಿಯಂ ತುಳಿದುಕೊಂಡೇ ಊರೂರು ಆಳಿದರು.

ನಿಮ್ಮ ತೊಂದರೆಗೆ ಕಾರಣ ಸುಲಭ. ಕೀಬೋರ್ಡ್ ಕಾರ್ಖಾನೆಯಿಂದಲೇ 440 ಹರ್ಟ್ಸ್ ಲೆಕ್ಕಕ್ಕೆ ಬಂದಿರುತ್ತದೆ. ಹಳೇ ಹಾರ್ಮೋನಿಯಂನ ರೀಡುಗಳು ಕಾಲ ಕಳೆದ ಹಾಗೆ ಸ್ವಲ್ಪ ಆಚೀಚೆ ಆಗಿರುತ್ತವೆ. ಮೊಬೈಲಿಗೆ ಒಂದು ಟ್ಯೂನರ್ ಆ್ಯಪ್ ಹಾಕಿಕೊಂಡು ಹಾರ್ಮೋನಿಯಂನ ಬಿಳಿ ಆರು (ಆರನೇ ಬಿಳಿ ಮನೆ, 440 ತೋರಿಸಬೇಕಾದದ್ದು ಇದೇ) ಒತ್ತಿ ಎಷ್ಟು ತೋರಿಸುತ್ತದೆ ನೋಡಿ. ಕೀಬೋರ್ಡಿನ ಟ್ಯೂನಿಂಗನ್ನು ಅದಕ್ಕೆ ಹೊಂದಿಸಿ. ಹಾರ್ಮೋನಿಯಂ ಬದಲಾಗೋದಿಲ್ಲ, ಕೀಬೋರ್ಡೇ ಬಗ್ಗಬೇಕು. ಪೆಟ್ಟಿಗೆಯ ಒಳಗೊಳಗೇ ಸ್ವರಗಳು ಹೊಂದುತ್ತಿಲ್ಲ ಅಂದರೆ ರಿಪೇರಿಯವರ ಹತ್ತಿರ ರೀಡು ಸರಿ ಮಾಡಿಸದೆ ಬೇರೆ ದಾರಿ ಇಲ್ಲ.

ಹಾಡುವವರು ಶ್ರುತಿ ಬಿಡೋದಕ್ಕೆ ಅವರದ್ದೇ ತಪ್ಪು ಅನ್ನಬೇಡಿ. ಗಂಡಸಿಗೆ ಕಪ್ಪು ಒಂದರ (ಮೊದಲ ಕಪ್ಪು ಮನೆಯ) ಶ್ರುತಿ ಹಿತವಾದರೆ ಹೆಣ್ಣುಮಕ್ಕಳಿಗೆ ಬಹಳ ಸಲ ಬಿಳಿ ಐದರ ಆಸುಪಾಸು ಬೇಕು. ಯುಗಳ ಗೀತೆಯನ್ನು ಗಂಡಿನ ಶ್ರುತಿಯಲ್ಲೇ ಹಾಡಿಸಿದರೆ ಆ ಹುಡುಗಿ ಪಾಪ ಕೆಳಗೆ ಗೊಣಗಬೇಕು, ಇಲ್ಲ ಮೇಲೆ ಕಿರುಚಬೇಕು. ಅವಳ ಸಾಲು ಬಂದಾಗ ಮಧ್ಯಮಕ್ಕೋ ಪಂಚಮಕ್ಕೋ ಆಧಾರ ಎತ್ತಿಬಿಡಿ. ಒಳ್ಳೇ ಮಾಸ್ತರರಿಗೆ ಇದು ಎಡಗೈ ಕೆಲಸ.

ಚಳ್ಳಕೆರೆಯಲ್ಲಿ ಸ್ಟುಡಿಯೋ ಇಲ್ಲ, ಬೆಂಗಳೂರಿಗೆ ಹೋಗಲಿಕ್ಕೆ ದುಡ್ಡಿಲ್ಲ. ಮನೆಯಲ್ಲೇ ಮಾಡಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ. ಯಾವ ಮೈಕ್ ತಗೊಳ್ಳೋದು? (ಚಳ್ಳಕೆರೆ)

ಮೈಕ್ ಆಮೇಲೆ, ಮೊದಲು ಕೋಣೆ. ಟೈಲ್ಸ್ ನೆಲ, ಬಣ್ಣದ ಗೋಡೆ, ಖಾಲಿ ಕೋಣೆ ಇದ್ದರೆ ಲಕ್ಷ ರೂಪಾಯಿ ಮೈಕೂ ಬಾವಿಯೇ. ಮನೆಯಲ್ಲಿ ಬಟ್ಟೆ, ಹಾಸಿಗೆ ತುಂಬಿರುವ ಚಿಕ್ಕ ಕೋಣೆ ಆರಿಸಿ. ಹಾಡುವವರ ಬೆನ್ನ ಹಿಂದೆ, ಎರಡೂ ಪಕ್ಕ ಹಗ್ಗ ಕಟ್ಟಿ ದಪ್ಪ ಕೌದಿ ಇಳಿಬಿಡಿ. ನೆಲಕ್ಕೆ ಜಮಖಾನ. ನಮ್ಮ ಕಡೆ ಮನೆಯಲ್ಲಿ ಕೌದಿಗೇನು ಬರ, ನಾಲ್ಕು ಮನೆಯವು ಸೇರಿಸಿದರೆ ಒಂದು ಸ್ಟುಡಿಯೋ ಆಗುತ್ತದೆ. ಫ್ಯಾನ್ ಆಫ್, ಫ್ರಿಜ್ ಆಫ್. ಮುಗಿದ ಮೇಲೆ ಫ್ರಿಜ್ ಆನ್ ಮಾಡಲಿಕ್ಕೆ ಮರೆಯಬೇಡಿ, ಮನೆಯವರು ಮುಂದಿನ ಕಂತಿಗೆ ಜಾಗ ಕೊಡೋದಿಲ್ಲ.

ಇಂಥ ಕೋಣೆಗೆ ಕಂಡೆನ್ಸರ್ ಮೈಕಿಗಿಂತ ಡೈನಮಿಕ್ ಮೈಕ್ ವಾಸಿ, ಅದು ಹತ್ತಿರದ ದನಿಯನ್ನು ಹಿಡಿಯುತ್ತದೆ, ಬೀದಿಯ ಗದ್ದಲವನ್ನು ಅಷ್ಟಾಗಿ ಎಳೆದುಕೊಳ್ಳೋದಿಲ್ಲ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ. ಕಾಲರ್ ಮೈಕಲ್ಲಿ ಹಾಡಿಸಬೇಡಿ. ಹಾರ್ಮೋನಿಯಂ, ತಬಲಾ ಮೊದಲು ಬೇರೆಯಾಗಿ ರೆಕಾರ್ಡ್ ಮಾಡಿ, ಅದನ್ನು ಇಯರ್‌ಫೋನಲ್ಲಿ ಕೇಳಿಸಿಕೊಂಡು ಹಾಡಲಿ. ನಾಟಕದವರಿಗೆ ಇದು ಮೊದಮೊದಲು ಹಿಂಸೆ, ಎದುರಿಗೆ ಮಾಸ್ತರರ ಮುಖ ಕಾಣದೆ ಹಾಡೋದೇ ಇಲ್ಲ ಅಂತಾರೆ. ಮಾಸ್ತರರನ್ನು ಎದುರಿಗೇ ಕೂರಿಸಿ, ಕೈಯಲ್ಲಿ ತಾಳ ಹಾಕಲಿ, ಸದ್ದು ಮಾತ್ರ ಬೇಡ.

ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ಪ್ರತಿ ಸಲ ಕೂತಾಗಲೂ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಕೋಣೆಯ ನಿಶ್ಶಬ್ದವನ್ನೂ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತು ಮಾತಿನ ನಡುವೆ ತುಂಬಲಿಕ್ಕೆ ಅದು ಬೇಕೇ ಬೇಕು. ಕೊನೆಯಲ್ಲಿ ದನಿಯ ಮಟ್ಟ ಎಲ್ಲಾ ಕಂತಿಗೂ ಒಂದೇ ಇರಲಿ. ಪಾಡ್‌ಕಾಸ್ಟಿಗೆ ದನಿಯ ಜೋರಿನ ಅಳತೆಯಲ್ಲಿ ಸಾಮಾನ್ಯವಾಗಿ ಮೈನಸ್ 16 ಎಲ್‌ಯುಎಫ್‌ಎಸ್, ಯೂಟ್ಯೂಬಿಗೆ ಮೈನಸ್ 14ರ ಹತ್ತಿರ. ಈ ಅಳತೆ ತೋರಿಸುವ ಉಚಿತ ಸಾಫ್ಟ್‌ವೇರ್ ಬೇಕಾದಷ್ಟಿವೆ. ಆಮೇಲೆ ಒಂದು ಸಲ ಅಗ್ಗದ ಮೊಬೈಲಿನ ಸ್ಪೀಕರಲ್ಲೇ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ ಕೇಳಿ. ಮಾತು ಅರ್ಥವಾದರೆ ಪಾಸು.

ಕಾಲದ ಬಗ್ಗೆ ಒಂದು ಮಾತು. ಸುಗ್ಗಿ ಮುಗಿದು ಜಾತ್ರೆ ಶುರುವಾದ ಮೇಲೆ ಮಾಸ್ತರರು, ತಬಲಾದವರು ಯಾರೂ ಕೈಗೆ ಸಿಗೋದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ನಾಟಕ ಕಡಿಮೆ, ಆಗ ಹಿಡಿಯಿರಿ. ತಗಡಿನ ಸೂರು ಮಾತ್ರ ಬೇಡ, ಮಳೆ ಬಂದರೆ ಅವತ್ತಿನ ಕೆಲಸ ಹೋಯಿತು.

ವಾರದ ಹಿಂದಿನ ಕಥೆ ಯಾರಿಗೂ ನೆನಪಿರೋದಿಲ್ಲ. "ಹಿಂದಿನ ಕಂತಿನಲ್ಲಿ" ಅಂತ ಓದಿಸಿದರೆ ವಾರ್ತೆ ಓದಿದ ಹಾಗಾಗುತ್ತೆ. (ಹೊಸದುರ್ಗ)

ನೀವು ಹೊಸದುರ್ಗದವರು, ನಿಮ್ಮ ತಾಲೂಕಲ್ಲೇ ಸಾಣೇಹಳ್ಳಿ ಇದೆ. 1997ರಿಂದ ಅಲ್ಲಿಯ ಶಿವಸಂಚಾರ ತಂಡದವರು ನಾಟಕ ಕಟ್ಟಿಕೊಂಡು ನಾಡೆಲ್ಲ ಸುತ್ತುತ್ತಾರೆ. ಅವರ ನಾಟಕ ನೋಡುವಾಗ ಹಾಡುವ ಮೇಳ ಎಲ್ಲಿ ಕಥೆಯನ್ನು ಕೈಗೆ ತಗೊಳ್ಳುತ್ತದೆ, ಎಲ್ಲಿ ಬಿಡುತ್ತದೆ ಅಂತ ಗಮನಿಸಿ.

ನಿಮಗೆ ಬೇಕಾದದ್ದು ದೊಡ್ಡಾಟದಲ್ಲೇ ಇದೆ. ಸಾರಥಿ. ಪಾತ್ರ ಬಂದ ಕೂಡಲೇ ನೀವು ಯಾರು, ಎಲ್ಲಿಂದ ಬಂದಿರಿ, ಏನು ಕೆಲಸ ಅಂತ ಕೇಳಿ ಕೇಳಿ ಬಾಯಿ ಬಿಡಿಸುತ್ತಾನಲ್ಲ, ಅವನು. ನಿಮ್ಮ ಕಂತಿನ ಮೊದಲ ಮುಕ್ಕಾಲು ನಿಮಿಷ ಸಾರಥಿಗೆ ಕೊಟ್ಟುಬಿಡಿ. "ಏನ್ರೀ ಗೌಡ್ರೇ, ಹೋದ ವಾರ ಹೊಲ ಬರೆದುಕೊಟ್ರಿ, ಈ ವಾರ ಮುಖ ಯಾಕೆ ಹಿಂಗೈತಿ?" ಅಂತ ಅವನು ಕೇಳಲಿ, ಗೌಡರು ರೇಗಲಿ. ಕಥೆ ನೆನಪಾಯಿತು, ನಗುವೂ ಬಂತು. ಕಂತಿನ ಕೊನೆಯನ್ನು ಮಾತ್ರ ಸಾರಥಿಗೆ ಕೊಡಬೇಡಿ, ಪಾತ್ರಗಳ ಕೈಯಲ್ಲೇ ನಿಲ್ಲಿಸಿ. ಪ್ರತಿ ಕಂತೂ ಬಾಗಿಲು ಬಡಿದ ಸದ್ದಿನಲ್ಲೇ ಮುಗಿಯೋದೂ ಬೇಡ. ಟಿವಿ ನೋಡಿ ನೋಡಿ ಆ ಚಾಳಿ ಎಲ್ಲರಿಗೂ ಹತ್ತಿದೆ.

ತಂಡದಲ್ಲಿ ಈಗಲೇ ಜಗಳ. ಹಾಡು ಬರೆದವನು ನನಗೆ ಪಾಲು ಅಂತಾನೆ, ಖರ್ಚು ಮಾಡಿದವರು ಎಲ್ಲಾ ನಮ್ಮದೇ ಅಂತಾರೆ. ಬಾಯಿಮಾತಲ್ಲಿ ಒಪ್ಪಿಕೊಂಡಿದ್ದೆವು. (ದಾವಣಗೆರೆ)

ಬಾಯಿಮಾತಿಗೆ ಕಾಯ್ದೆಯಲ್ಲಿ ಬೆಲೆ ಇಲ್ಲ. ಹಕ್ಕು ಬಿಟ್ಟುಕೊಡೋದು ಬರಹದಲ್ಲೇ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಇನ್ನೊಂದು, 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ ಬರೆದವರು, ರಾಗ ಹಾಕಿದವರು ಹಕ್ಕನ್ನು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ತಮ್ಮ ಪಾಲನ್ನು ಬಿಟ್ಟುಕೊಡುವ ಹಾಗೇ ಇಲ್ಲ. ಎಲ್ಲಾ ನಮ್ಮದೇ ಅನ್ನುವವರಿಗೆ ಇದನ್ನು ಓದಿ ಹೇಳಿ.

ಹಾಗಂತ ವಕೀಲರ ಮನೆಗೆ ಓಡಬೇಕಾಗಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ: ಸಾಹಿತ್ಯ ಯಾರದು, ಧಾಟಿ ಯಾರದು, ಹಾಡಿದವರು ಯಾರು, ದುಡ್ಡು ಹಾಕಿದವರು ಯಾರು, ಬಂದದ್ದರಲ್ಲಿ ಮೊದಲು ಖರ್ಚು ಕಳೆಯಬೇಕಾ, ಉಳಿದದ್ದು ಹೇಗೆ ಹಂಚಬೇಕು, ತಂಡ ಒಡೆದರೆ ರೆಕಾರ್ಡಿಂಗ್ ಯಾರ ಹತ್ತಿರ ಇರಬೇಕು. ಕೊನೆಯದು ಬರೆಯಲಿಕ್ಕೆ ಎಲ್ಲರಿಗೂ ಮುಜುಗರ. ಆದರೆ ಜಗಳ ಆಗೋದು ಅದಕ್ಕೇ. ಎಲ್ಲರೂ ಸಹಿ ಮಾಡಿ, ಎಲ್ಲರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಇದು ಮೊದಲ ತಾಲೀಮಿನ ದಿನ ಆಗಬೇಕಿತ್ತು, ಈಗಲಾದರೂ ಆಗಲಿ. ಮೊದಲ ಕಂತು ಹೊರಗೆ ಹೋದ ಮೇಲೆ ಯಾರೂ ಬಗ್ಗೋದಿಲ್ಲ.

ಎಲ್ಲಾ ಕಂತು ಒಟ್ಟಿಗೆ ಬಿಡೋದಾ, ವಾರಕ್ಕೊಂದಾ? ದುಡ್ಡಿಗಾ, ಪುಕ್ಕಟೆಯಾ? (ಹಿರಿಯೂರು)

ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ, ಇದು ವಿಡಿಯೋ, ಆದರೂ ಪಾಠ ಒಂದೇ. 2007-08ರಲ್ಲಿ ಹಾಲಿವುಡ್ ಬರಹಗಾರರು ಮುಷ್ಕರ ಹೂಡಿದ್ದಾಗ ಜಾಸ್ ವೀಡನ್ ಅನ್ನುವ ನಿರ್ದೇಶಕ ತನ್ನ ತಮ್ಮಂದಿರ ಜೊತೆ ಕೂತು ಒಂದು ಚಿಕ್ಕ ಸಂಗೀತ ನಾಟಕ ಬರೆದ. ಹೆಸರು ಡಾಕ್ಟರ್ ಹಾರಿಬಲ್ಸ್ ಸಿಂಗ್-ಅಲಾಂಗ್ ಬ್ಲಾಗ್. ಸ್ವಂತ ದುಡ್ಡು, ಎರಡು ಲಕ್ಷ ಡಾಲರಿನ ಆಸುಪಾಸು. ನಮಗೆ ಅದು ದೊಡ್ಡ ದುಡ್ಡು, ಅಲ್ಲಿಯ ಲೆಕ್ಕಕ್ಕೆ ಚಿಲ್ಲರೆ. ಶೂಟಿಂಗ್ ಆರೇ ದಿನ. ಮೂರು ಭಾಗ, ಮೂರೂ ಸೇರಿ ಮುಕ್ಕಾಲು ಗಂಟೆಗೂ ಕಡಿಮೆ. 2008ರ ಜುಲೈ 15, 17, 19ಕ್ಕೆ ಒಂದೊಂದು ಭಾಗ ಪುಕ್ಕಟೆಯಾಗಿ ಬಿಟ್ಟರು. ಮೊದಲ ದಿನವೇ ಜನ ನುಗ್ಗಿ ಸರ್ವರ್ ಕುಸಿಯಿತು. 20ನೇ ತಾರೀಕು ಕಳೆದ ಮೇಲೆ ಪುಕ್ಕಟೆ ಬಂದ್. ಆಮೇಲೆ ಇಂಟರ್ನೆಟ್ಟಿನಲ್ಲಿ ಮಾರಾಟ, ಅದಾದ ಮೇಲೆ ಹಾಡುಗಳ ಆಲ್ಬಮ್, ಡಿವಿಡಿ. ಮರುವರ್ಷ ಎಮ್ಮಿ ಪ್ರಶಸ್ತಿಯೂ ಬಂತು.

ಇದರಲ್ಲಿ ನಾನು ನೋಡೋದು ಆ ಪುಕ್ಕಟೆಯ ಉಪಾಯವನ್ನಲ್ಲ. ಮೊದಲ ಭಾಗ ಬಿಡುವ ದಿನ ಮೂರನೆಯದೂ ಸಿದ್ಧವಾಗಿತ್ತು. ಅದಕ್ಕೇ ದಿನ ಬಿಟ್ಟು ದಿನ ಬಿಡಲಿಕ್ಕಾಯಿತು, ಗದ್ದಲ ಆರುವ ಮುಂಚೆ ಮುಂದಿನದು ಬಂತು.

ನಿಮ್ಮದು ಎಂಟು ಹತ್ತು ಕಂತು ಆದರೆ ಮೊದಲ ದಿನ ಎರಡು ಕಂತು ಒಟ್ಟಿಗೆ ಬಿಡಿ. ಒಂದನೆಯದರಲ್ಲಿ ಪಾತ್ರಗಳ ಪರಿಚಯವೇ ಆಗಿಹೋಗುತ್ತದೆ, ಎರಡನೆಯದರಲ್ಲಿ ಕೇಳುಗ ಸಿಕ್ಕಿಹಾಕಿಕೊಳ್ಳುತ್ತಾನೆ. ಆಮೇಲೆ ವಾರಕ್ಕೆರಡು, ಪ್ರತಿ ವಾರವೂ ಅವೇ ದಿನ, ಅದೇ ಹೊತ್ತು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ತಿಂಗಳು ಬೇಡ. ಪುಕ್ಕಟೆ ಬಿಡಿ ಅಂತಲೇ ನನ್ನ ಸಲಹೆ. ಹೊಸ ತಂಡಕ್ಕೆ ದುಡ್ಡು ಕೊಟ್ಟು ಕೇಳುವವರು ಬಹಳ ಕಡಿಮೆ. ದುಡ್ಡು ಬರೋದು ಆಮೇಲೆ, ಅದೇ ಹಾಡುಗಳನ್ನು ಇಟ್ಟುಕೊಂಡು ರಂಗದ ಮೇಲೆ ಟಿಕೆಟ್ ಹಾಕಿ ಆಡಿದಾಗ. ಕೇಳಿ ಬಾಯಿಪಾಠ ಆಗಿರುವ ಹಾಡನ್ನು ಎದುರಿಗೆ ನೋಡಲಿಕ್ಕೆ ನಮ್ಮ ಜನ ಬರುತ್ತಾರೆ.

ನಮ್ಮದೇ ಹಾಡಿಗೆ ಯೂಟ್ಯೂಬ್ ಕಾಪಿರೈಟ್ ನೋಟಿಸ್ ಕಳಿಸಿದೆ! (ಚನ್ನಗಿರಿ)

ಗಾಬರಿ ಬೇಡ. ಎರಡು ಕಾರಣ ಇರಬಹುದು. ಹಾಡನ್ನು ಸಂಗೀತದ ಆ್ಯಪ್‌ಗಳಿಗೆ ಹಾಕಲಿಕ್ಕೆ ಯಾವುದಾದರೂ ಡಿಸ್ಟ್ರಿಬ್ಯೂಟರಿಗೆ ಕೊಟ್ಟಿದ್ದರೆ ಅವರು ನಿಮ್ಮ ಪರವಾಗಿಯೇ ಕಂಟೆಂಟ್ ಐಡಿಯಲ್ಲಿ (ಯಾರ ಹಾಡು ಅಂತ ತಾನೇ ಗುರುತಿಸುವ ಯೂಟ್ಯೂಬಿನ ಯಂತ್ರ) ನೋಂದಾಯಿಸಿರುತ್ತಾರೆ, ಯಂತ್ರಕ್ಕೆ ನಿಮ್ಮ ಚಾನೆಲ್ ನಿಮ್ಮದೇ ಅಂತ ಗೊತ್ತಿರೋದಿಲ್ಲ. ಅವರಿಗೆ ಹೇಳಿ ನಿಮ್ಮ ಚಾನೆಲನ್ನು ಬಿಟ್ಟುಬಿಡುವ ಪಟ್ಟಿಗೆ ಸೇರಿಸಿ. ಇಲ್ಲ ಅಂದರೆ, ಹಿನ್ನೆಲೆಗೆ ಇಂಟರ್ನೆಟ್ಟಿನಿಂದ ತಂದ ಉಚಿತ ತಬಲಾ ಲೂಪ್ (ಮತ್ತೆ ಮತ್ತೆ ತಿರುಗುವ ಸಿದ್ಧ ತುಣುಕು) ಹಾಕಿದ್ದೀರಿ, ಅದೇ ಲೂಪ್ ಇನ್ನೊಬ್ಬರ ಹಾಡಿನಲ್ಲೂ ಇದೆ. ಚನ್ನಗಿರಿಯಲ್ಲಿ ತಬಲಾ ಬಾರಿಸುವವರಿಲ್ಲವಾ?

ಹಾಡಲಿಕ್ಕೆ ಕರೆದಿದ್ದಾರೆ. ಅಪ್ಪ ಒಪ್ಪಿದ್ದಾರೆ, ಅಮ್ಮ "ನಾಟಕದೋರ ಸಹವಾಸ ಬೇಡ" ಅಂತಾರೆ. ಏನು ಹೇಳಲಿ? (ದಾವಣಗೆರೆ)

ಅಮ್ಮನಿಗೆ ಚಿಂದೋಡಿ ಲೀಲಾ ಅವರ ಹೆಸರು ಹೇಳಿ ನೋಡು ತಂಗಿ. ನಮ್ಮೂರಿನ ಹೆಣ್ಣುಮಗಳು, ಕೆಬಿಆರ್ ಡ್ರಾಮಾ ಕಂಪನಿಯಲ್ಲಿ ಬೆಳೆದವರು, 1988ರಲ್ಲಿ ಪದ್ಮಶ್ರೀ ಬಂತು. ಅಮ್ಮನ ವಯಸ್ಸಿನವರಿಗೆ ಗೊತ್ತಿಲ್ಲದೆ ಇರೋದಿಲ್ಲ. ಅದಕ್ಕೂ ಬಗ್ಗದಿದ್ದರೆ ಒಂದು ದಿನ ತಾಲೀಮಿಗೆ ಅಮ್ಮನನ್ನೂ ಕರೆದುಕೊಂಡು ಹೋಗು. ರೆಕಾರ್ಡಿಂಗ್ ಎಷ್ಟು ಹೊತ್ತಿಗೆ, ಮನೆಗೆ ಬಿಡುವವರು ಯಾರು, ದುಡ್ಡು ಎಷ್ಟು, ಇದನ್ನು ಅವರೇ ಕೇಳಲಿ. ಸರಿಯಾಗಿ ಉತ್ತರ ಕೊಡದ ತಂಡ ಆದರೆ ಅಮ್ಮ ಹೇಳಿದ್ದೇ ಸರಿ, ಹೋಗಬೇಡ.